ಎಲೆಯ ಮೇಲಿನ ಅಡಿಕೆ

“ಬುದ್ಧಿ, ಮೂರು ಜನ ಒಬ್ಬನನ್ನು ಒಳ್ಳೆಯವನು ಅಂದರೆ ಅವನನ್ನು ನಂಬಿಬಿಡಬಹುದಲ್ಲವೇ?” ಎಂದು ಶಿಷ್ಯ ಕೇಳಿದ.

“ಈಗ ಯಾರನ್ನು ನಂಬಬೇಕಾಗಿದೆ?” ಎಂದರು ಗುರುಗಳು.

ಶಿಷ್ಯನಿಗೆ ತಂಗಿಯೊಬ್ಬಳಿದ್ದಳು. ತಂದೆಯಿಲ್ಲದ ಮನೆ, ಎಲ್ಲ ಇವನೇ ನೋಡಬೇಕು. ದೂರದ ಊರಿನಿಂದ ಒಂದು ಗಂಡು ಬಂದಿತ್ತು. ನಾಳೆ ಮಾತು ಕೊಡಬೇಕು.

“ವಿಚಾರಿಸದೆ ಬಿಟ್ಟಿಲ್ಲ ಬುದ್ಧಿ. ಹುಡುಗನ ಊರಿಗೇ ಹೋದೆ. ಅಂಗಡಿಯವನನ್ನು, ಕ್ಷೌರದವನನ್ನು, ಪಕ್ಕದ ಮನೆಯವರನ್ನು ಕಂಡೆ. ‘ನಮ್ಮ ಹುಡುಗಿಯನ್ನು ಕೊಡ್ತಾ ಇದೀವಿ, ತುಂಬ ಒಳ್ಳೆಯ ಹುಡುಗನಂತೆ, ಅಲ್ವೇ?’ ಅಂತ ಬಾಯಿಬಿಟ್ಟು ಕೇಳಿದೆ. ಮೂವರೂ ಹೌದು ಅಂದರು. ಆದರೂ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.”

ಗುರುಗಳು ಒಂದು ಕತೆ ಹೇಳಿದರು.

ಹಡಗು ಬಂದುಹೋಗುವ ಒಂದು ಊರು. ಅಲ್ಲಿ ಒಂದೇ ಬೀದಿಯಲ್ಲಿ ಮೂರು ಜೂಜುಮನೆಗಳು. ಮೂಡಲ ಮನೆ, ನಡುವಿನ ಮನೆ, ಪಡುವಣ ಮನೆ. ಆಟಗಾರನ ಕೈ ಬರಿದಾದರೆ ಮನೆಯ ಯಜಮಾನನೇ ಸಾಲ ಕೊಟ್ಟು ಆಡಿಸುವುದು ಅಲ್ಲಿಯ ಪದ್ಧತಿ. ಸಾಲ ಕೊಡುವುದೇನೋ ಸುಲಭ, ಯಾರಿಗೆ ಕೊಡುವುದು ಎಂಬುದೇ ತಲೆನೋವು.

ಮೂಡಲ ಮನೆಯ ಯಜಮಾನನ ಅಜ್ಜ ಆಟಗಾರನ ಮುಖ ನೋಡಿ ಸಾಲ ಕೊಡುತ್ತಿದ್ದ. ಮುಖ ಚೆನ್ನಾಗಿದ್ದವರೆಲ್ಲ ಟೋಪಿ ಹಾಕಿದರು. ಅಪ್ಪ ಒಂದು ಹೆಜ್ಜೆ ಮುಂದೆ ಹೋದ. ಆಟಗಾರನ ಊರಿಗೆ ಆಳು ಕಳಿಸಿ ಮನೆ, ಬಾವಿ, ಎತ್ತು ನೋಡಿಸಿಕೊಂಡು ಬರುತ್ತಿದ್ದ. ಆಳು ನೋಡಿ ಬರುವುದರೊಳಗೆ ಆಟಗಾರ ಬೇಸತ್ತು ಪಕ್ಕದ ಮನೆಗೆ ಹೋಗಿ ಕೂತಿರುತ್ತಿದ್ದ. ಈ ಯಜಮಾನನ ಕಾಲಕ್ಕೆ ಮೂರು ಮನೆಯವರೂ ಜಗಳ ಬಿಟ್ಟು ಒಂದು ಏರ್ಪಾಡು ಮಾಡಿಕೊಂಡರು. ಕೇಳುವ ಮನೆಯಿಂದ ಆಟಗಾರನ ಹೆಸರು ಹೇಳಿ ಒಂದು ವೀಳ್ಯದೆಲೆ ಕಳಿಸುವುದು. ಅವನು ನಂಬಿಕಸ್ಥನಾದರೆ ಎಲೆಯ ಮೇಲೆ ಅಡಿಕೆ ಇಟ್ಟು ಹಿಂದಕ್ಕೆ ಕಳಿಸುವುದು. ಅಲ್ಲವಾದರೆ ಬರಿ ಎಲೆ. ಯಾಕೆ, ಏನು ಎಂಬ ಮಾತಿಲ್ಲ. ಯಜಮಾನನಿಗೆ ಈ ಏರ್ಪಾಡಿನ ಬಗ್ಗೆ ಬಹಳ ಹೆಮ್ಮೆ. “ನಮ್ಮಪ್ಪ ಎತ್ತು ಎಣಿಸುತ್ತಿದ್ದ ಪಾಪ, ನಾನು ಅಡಿಕೆ ನೋಡಿದರೆ ಮುಗಿಯಿತು” ಎನ್ನುತ್ತಿದ್ದ.

ಒಂದು ದಿನ ಒಬ್ಬ ವರ್ತಕ ಬಂದ. ಯಜಮಾನ ಎಂದಿನಂತೆ “ಬನ್ನಿ ಸಾಹುಕಾರ್ರೇ, ಕೂತ್ಕೊಳ್ಳಿ” ಎಂದು ತಾಂಬೂಲ ಕೊಟ್ಟ. ವರ್ತಕ ಕೈಯಲ್ಲಿದ್ದ ಕಾಸಿನಲ್ಲಿ ಸ್ವಲ್ಪ ಆಡಿ ಎದ್ದು ಹೋದ. ಕೆಲವು ದಿನ ಬೀದಿಯಲ್ಲೆಲ್ಲ ಓಡಾಡಿಕೊಂಡಿದ್ದ. ಆಮೇಲೆ ಮೂಡಲ ಮನೆಗೆ ಮರಳಿ ಬಂದು ದೊಡ್ಡ ಸಾಲ ಕೇಳಿದ. ಯಜಮಾನ ಎರಡೂ ಮನೆಗೆ ಎಲೆ ಕಳಿಸಿದ. ಎರಡರ ಮೇಲೂ ಅಡಿಕೆ ಬಂತು. ಇನ್ನೇನು ಯೋಚನೆ? ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಬಾಚಿ ಕೊಟ್ಟ. ವರ್ತಕ ಆ ಹಣದಲ್ಲಿ ಉಳಿದೆರಡು ಮನೆಗಳ ಸಾಲ ತೀರಿಸಿ, ಮಿಕ್ಕದ್ದನ್ನು ಸೊಂಟಕ್ಕೆ ಕಟ್ಟಿಕೊಂಡು ಹಡಗು ಹತ್ತಿಬಿಟ್ಟ.

ಯಜಮಾನ ಪಡುವಣ ಮನೆಗೆ ಓಡಿದ. “ಅಡಿಕೆ ಯಾಕೆ ಇಟ್ಟಿರಿ?”

“ನಾವು ಕೇಳಿದಾಗ ನಡುವಿನ ಮನೆಯವರು ನಮಗೆ ಇಟ್ಟಿದ್ದರು. ಅದನ್ನು ನಂಬಿ ಸಾಲ ಕೊಟ್ಟಿದ್ದೆವು, ಅದನ್ನು ನಂಬಿಯೇ ನಿಮಗೂ ಇಟ್ಟೆವು. ನಮ್ಮ ಸಾಲ ತೀರಿಸಿದ್ದಾನಲ್ಲ, ಪುಣ್ಯಾತ್ಮ!”

ಅಲ್ಲಿಂದ ನಡುವಿನ ಮನೆಗೆ ಓಡಿದ. “ನೀವು ಯಾರನ್ನು ಕೇಳಿ ಅಡಿಕೆ ಇಟ್ಟಿರಿ?”

ನಡುವಿನ ಮನೆಯವನಿಗೆ ಆಶ್ಚರ್ಯವಾಯಿತು. “ಒಳ್ಳೇ ಕತೆ ಆಯ್ತಲ್ಲ ಅಣ್ಣಾ! ಅವನು ಮೊದಲನೇ ದಿನ ನಮ್ಮಲ್ಲಿಗೆ ಬಂದದ್ದೇ ನಿಮ್ಮ ತಾಂಬೂಲ ಜಗಿಯುತ್ತಾ. ನೀವು ಅವನನ್ನು ಸಾಹುಕಾರ್ರೇ ಅಂದು ಕೂಡಿಸಿದ್ದನ್ನು ನಮ್ಮ ಆಳು ಕಣ್ಣಾರೆ ಕಂಡಿದ್ದ. ಮೂಡಲ ಮನೆಯವರೇ ಅಷ್ಟು ಮರ್ಯಾದೆ ಮಾಡಿದ ಮೇಲೆ ನಾವು ಬೇರೆ ಎಲೆ ಕಳಿಸಿ ಕೇಳುವುದೇನು?”

“ನಾನು ಬಾಗಿಲಿಗೆ ಬಂದವರಿಗೆಲ್ಲ ಹಾಗನ್ನುತ್ತೇನಲ್ಲಯ್ಯಾ! ಎಲ್ಲರಿಗೂ ತಾಂಬೂಲ ಕೊಡುತ್ತೇನೆ!”

“ಅದು ನಮಗೆ ಹೇಗೆ ಗೊತ್ತಾಗಬೇಕು?”

ಯಜಮಾನ ಬೀದಿಗೆ ಇಳಿದ. ಯಾರ ಮನೆಯ ಮುಂದೆ ನಿಂತು ಕೂಗಾಡಬೇಕು ಎಂದು ತಿಳಿಯಲಿಲ್ಲ. ಪಡುವಣಕ್ಕೆ ನಾಲ್ಕು ಹೆಜ್ಜೆ ಹೋದ, ಹಿಂದಕ್ಕೆ ಬಂದ. ನಡುವಿನ ಮನೆಯ ಕಡೆ ತಿರುಗಿದ, ಅಲ್ಲಿಂದಲೂ ಹಿಂದಕ್ಕೆ ಬಂದ. ಕೊನೆಗೆ ತನ್ನ ಮನೆಯ ಎದುರಿಗೇ ಹೋಗಿ, ಒಳಗೆ ಹೋಗಲಾರದೆ ನಿಂತುಬಿಟ್ಟ.

ಕತೆ ಅಲ್ಲಿಗೆ ನಿಂತಿತು. ಶಿಷ್ಯ ಇನ್ನೂ ಏನೋ ಇದೆ ಎಂದು ಕಾದ. ಇರಲಿಲ್ಲ.

“ಇದೇನು ಬುದ್ಧಿ, ಇದ್ದ ಗೊಂದಲ ಇನ್ನೂ ಹೆಚ್ಚಾಯಿತು!” ಎಂದ. “ಅವರಲ್ಲಿ ಯಾರೂ ಸುಳ್ಳು ಹೇಳಲಿಲ್ಲವಲ್ಲ. ಆ ಪೆದ್ದ ಯಜಮಾನ ತನ್ನ ಮಾತನ್ನೇ ಸುತ್ತಿಬಳಸಿ ಕೇಳಿಸಿಕೊಂಡು ಹಾಳಾದ. ಅದು ಅವನ ಕರ್ಮ. ನನ್ನ ತಂಗಿಯ ವಿಷಯಕ್ಕೂ ಅದಕ್ಕೂ ಏನು ಸಂಬಂಧ? ನನಗೆ ಮೂರು ಜನ ಹೇಳಿದ್ದಾರೆ. ನಾಳೆ ನಾನು ಏನೆಂದು ಮಾತು ಕೊಡಲಿ?”

“ಆ ಊರಿನಲ್ಲಿ ಹುಡುಗನನ್ನು ಒಳ್ಳೆಯವನು ಎಂದು ಮೊದಲು ಅಂದವರು ಯಾರಪ್ಪಾ?” ಎಂದರು ಗುರುಗಳು.