ತಂತಿಯಡಿಯ ನೂಲು

ತಂಬೂರಿಯ ಉಕ್ಕಿನ ತಂತಿಗೆ ತನ್ನ ಬಿಗಿಯ ಮೇಲೆ ಬಲು ಜಂಬ. ತನ್ನಡಿ ಸಿಕ್ಕಿಸಿದ್ದ ಹತ್ತಿಯ ನೂಲನ್ನು ಅದು ಕೇಳಿತು: "ನಾನು ನಡುಗಿದರೆ ನೀನೇಕೆ ನಡುಗುತ್ತೀಯೆ?"

"ನಿನ್ನನ್ನು ಮುಟ್ಟಿಕೊಂಡಿದ್ದೇನೆ. ನಡುಗದೆ ಹೇಗಿರಲಿ?" ಎಂದಿತು ನೂಲು.

"ಇಷ್ಟು ಮೆದುವಾದವರಿಗೆ ಸಂಗೀತ ಕಚೇರಿಯಲ್ಲಿ ಕೆಲಸವಿಲ್ಲ" ಎಂದ ತಂತಿ, ಕಚೇರಿಗೆ ಹೋಗುವ ದಾರಿಯಲ್ಲೇ ಮೈಕೊಡವಿ ನೂಲನ್ನು ಉದುರಿಸಿತು.

ಕಚೇರಿಯಲ್ಲಿ ಗಾಯಕಿ ಸುಭಾಷಿಣಿ ತಂತಿ ಮೀಟಿದರು. ಟಣ್ ಎಂದು ಸದ್ದು ಸತ್ತಿತು. ಮತ್ತೆ ಮೀಟಿದರು. ಶ್ರುತಿ ಸರಿಯಿತ್ತು, ಝೇಂಕಾರ ಹುಟ್ಟಲಿಲ್ಲ. ತಂತಿ ತನ್ನಡಿಯ ಖಾಲಿ ಜಾಗಕ್ಕೆ ಮತ್ತೆ ಮತ್ತೆ ಬಾಗಿ ನೂಲಿಗಾಗಿ ತಡಕಿತು. ಜೊತೆಗೆ ನಡುಗುವವರು ಯಾರೂ ಇರಲಿಲ್ಲ.

ಗಾಯಕಿ ತಂಬೂರಿ ಬದಿಗಿಟ್ಟು ಜಮಖಾನೆಯ ಮೇಲೆಲ್ಲ ಹುಡುಕಿದರು. "ಏನು ಕಳೆಯಿತು?" ಎಂದರು ಪಿಟೀಲಿನವರು.

"ತಂಬೂರಿಯ ಜೀವಾಳ."

ನೂಲಿನ ಹೆಸರು ಅದೆಂದು ತಂತಿಗೆ ತಿಳಿದದ್ದು ಆಗಲೇ.