ಪಾತ್ರೆ ಈರಪ್ಪನ ನಾಣ್ಯಗಳು

ಹೊಳೆದಂಡೆಯ ಆಶ್ರಮ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಅಲ್ಲೇ ಶಿಷ್ಯನಾಗಿದ್ದ ಯಮನೂರಪ್ಪ ತನ್ನ ಅಪ್ಪನ ನಾಣ್ಯಗಳನ್ನು ತಿಕ್ಕುತ್ತಿದ್ದ. ಪಕ್ಕದ ಬೋಗುಣಿಯಲ್ಲಿ ಹುಣಸೆಹಣ್ಣಿಗೆ ಬೂದಿ ಕಲಸಿಟ್ಟುಕೊಂಡಿದ್ದ.

ಅಪ್ಪ ಅಂದರೆ ಪಾತ್ರೆ ಈರಪ್ಪ. ತಲೆಯ ಮೇಲೆ ಬುಟ್ಟಿ ಹೊತ್ತು ಮೂವತ್ತು ವರ್ಷ ಊರೂರು ತಿರುಗಿ ಕೊಡ, ತಂಬಿಗೆ, ಪರಾತ ಮಾರಿದವನು. ರೊಕ್ಕ ಇಲ್ಲದ ಮನೆಯವರು ಹಳೇ ನಾಣ್ಯ ಕೊಟ್ಟರೆ ಅದನ್ನೇ ತಗೊಂಡು ಪಾತ್ರೆ ಇಳಿಸಿ ಬರುತ್ತಿದ್ದ. ಹಾಗೆ ಕೂಡಿದ್ದು ಒಂದು ಗಂಟು. ಹೋದ ಬೇಸಿಗೆಯಲ್ಲಿ ಅವನು ತೀರಿಕೊಂಡ, ಗಂಟು ಮಗನಿಗೆ ಬಂತು.

ಮಗ ಅದನ್ನು ಮಾರುವವನೇ. ಅದರಲ್ಲಿ ಎರಡು ಮಾತಿರಲಿಲ್ಲ.

ಅಕ್ಕ ಹುಲಿಗೆವ್ವ ಹದಿನಾಲ್ಕು ವರ್ಷದಿಂದ ಸೀರೆ ನೇಯುತ್ತಿದ್ದ ಮಗ್ಗದ ಯಜಮಾನ ಊರು ಬಿಡುತ್ತಿದ್ದ. ಅಮಾವಾಸ್ಯೆಯ ಮಾರನೇ ದಿನ ಬೇರೆ ಊರಿನವರು ಬಂದು ಮಗ್ಗ ಬಿಚ್ಚಿ ಒಯ್ಯುವವರಿದ್ದರು. ಅಷ್ಟರೊಳಗೆ ರೊಕ್ಕ ತಂದರೆ ಮಗ್ಗ ನಿಮ್ಮ ಅಕ್ಕನದೇ ಎಂದು ಯಜಮಾನ ಹೇಳಿದ್ದ. ಆಕೆಯ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ.

ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಅವರು ನೀರಿಗೆಂದು ಬಂದವರು ನಿಂತರು.

“ಏನ್ ಮಾಡಾಕತ್ತೀಯೋ ತಮ್ಮಾ?”

“ಪ್ಯಾಟಿಗೆ ಹೊಂಟೀನ್ರಿ ಅಜ್ಜಾರ. ಮಾರೋ ಸಾಮಾನು ಹೊಳೀಬೇಕಲ್ರಿ. ನಮ್ಮ ಮನ್ಯಾಗ ತೊಟ್ಟಿಲ ಕೂಸಿಗೂ ಅದು ಗೊತ್ತು.”

ಮೂರು ನಾಣ್ಯ ಆಗಲೇ ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ನಾಲ್ಕನೆಯದು ಅವನ ಕೈಯಲ್ಲಿತ್ತು.

ಅಜ್ಜ ಅವನ ಪಕ್ಕ ಕೂತರು. ಅವನ ಕೈ ಹಿಡಿದು, ಬೋಗುಣಿಯಿಂದ ಒಂದು ಹಿಡಿ ತೆಗೆದು, ಮೊಳಕೈಯಿಂದ ಮಣಿಕಟ್ಟಿನ ತನಕ ಗಸಗಸ ತಿಕ್ಕತೊಡಗಿದರು.

“ಅಯ್ಯಯ್ಯೋ! ಉರೀತೈತ್ರಿ!”

“ತಡಿ. ನೀನೂ ಪ್ಯಾಟಿಗೆ ಹೊಂಟೀಯಲ್ಲ. ಹೊಳೀಬೇಕು.”

“ತೊಗಲು ಕಿತ್ತು ಬರಾಕತ್ತೈತ್ರಿ ಅಜ್ಜಾರ!”

“ಬರಲಿ ಬಿಡು. ಹಳೇದು.”

ಯಮನೂರಪ್ಪ ಕೈ ಕಿತ್ತುಕೊಂಡು ನೀರಿಗೆ ಹಿಡಿದ. ಆಮೇಲೆ ಆ ಮೂರು ನಾಣ್ಯಗಳನ್ನು ತಿರುಗಿಸಿ ನೋಡಿದ. ಒಂದರ ಮೇಲಿನ ಅಕ್ಷರ ಅರ್ಧ ಅಳಿಸಿಹೋಗಿತ್ತು. ಬೋಗುಣಿಯಲ್ಲಿದ್ದುದನ್ನು ಹೊಳೆಗೆ ಚೆಲ್ಲಿದ.

“ಇವನ್ನ ನಿಮ್ಮಪ್ಪ ಹಿಂಗ ಬರಿಮೈಯಾಗ ಇಟ್ಟಿದ್ದನೇನು?” ಅಜ್ಜ ಕೇಳಿದರು.

“ಇಲ್ರಿ. ಒಂದೊಂದಕ್ಕೂ ಒಂದೊಂದು ಚೀಟಿ ಸುತ್ತಿದ್ದ. ಏನೇನೋ ಗೀಚ್ಯಾನ. ಒಲಿ ಹಚ್ಚಾಕ ಬರ್ತಾವಂತ ಅಡಗಿಮನಿ ಬುಟ್ಟಿಗೆ ಹಾಕೀನಿ.”

“ಇವತ್ತಿನ ಒಲಿ ಹಚ್ಚಿದ್ರೇನು?”

ಯಮನೂರಪ್ಪ ಅಡುಗೆಮನೆಯ ಕಡೆ ನೋಡಿದ. ಹೊಗೆ ಏಳುತ್ತಿತ್ತು.

“ಓಡು,” ಅಂದರು ಅಜ್ಜ.

ಓಡಿದ. ಎರಡು ಚೀಟಿ ಸುಟ್ಟುಹೋಗಿದ್ದವು. ಉಳಿದದ್ದನ್ನು ಧೋತರದ ಸೆರಗಿನಲ್ಲಿ ತುಂಬಿಕೊಂಡು ಬಂದ.

“ಯಾವ ಚೀಟಿ ಯಾವುದರದ್ದು ಅಂತ ನೋಡಿ, ತಿರುಗಿ ಸುತ್ತು.”

“ಅಜ್ಜಾರ, ನನಗಿರೋದು ಒಂಬತ್ತು ದಿನ. ಇದಕ್ಕ ಎರಡು ದಿನ ಹೊಕ್ಕಾವು.”

“ಹೋಗಲಿ.”

“ಇದರಿಂದ ಬೆಲಿ ಹೆಚ್ಚಾಗ್ತದೇನ್ರಿ?”

“ಓದು.”

ಓದಲು ಕೂತ. ಅಪ್ಪನ ಅಕ್ಷರ ಬುಟ್ಟಿ ಹೊತ್ತವನ ನಡಿಗೆಯ ಹಾಗೆ ಒಂದು ಕಡೆ ವಾಲುತ್ತಿತ್ತು.

‘ಬೆಳ್ಳಿ ರೂಪಾಯಿ, ಅಂಚಿಗೆ ತೂತು. ಮುದುಕಿಯ ಕೊರಳಾಗ ಇತ್ತು. ಕೊಡಕ್ಕೆ ಬದಲು ಕೊಟ್ಟಳು. ಕೊಡುವಾಗ ಮಾರಿ ಆ ಕಡೆ ತಿರುಗಿಸಿದಳು. ಮೇಲೊಂದು ತಂಬಿಗೆ ಕೊಟ್ಟೆ.’

‘ಇದು ಖೊಟ್ಟಿ ನಾಣ್ಯ. ಗೊತ್ತಿದ್ದೇ ತಗೊಂಡೆ. ಮನೆಯಲ್ಲಿ ಬಾಣಂತಿ ಇದ್ದಳು, ನೀರು ಕಾಸಲು ಹಂಡೆ ಇರಲಿಲ್ಲ.’

ಯಮನೂರಪ್ಪ ಆ ಖೊಟ್ಟಿ ನಾಣ್ಯವನ್ನು ಹುಡುಕಿ ತೆಗೆದು ಅಂಗೈ ಮೇಲೆ ಇಟ್ಟುಕೊಂಡ. ನಕ್ಕ. “ಹಂಡೆ ಕೊಟ್ಟು ಬಂದಾನ ನೋಡ್ರಿ, ಖೊಟ್ಟಿಗೆ!” ಎಂದು ಕೂಗಿ ಹೇಳಿದ.

ಎರಡನೇ ದಿನ ಒಂದು ಚೀಟಿ ಸಿಕ್ಕಿತು. ‘ತಾಮ್ರದ ಕಾಸು. ಆನೆ ಐತಿ. ಯಮನೂರಗ ತೋರಿಸಬೇಕು.’

ಅಪ್ಪ ಮನೆಗೆ ಬರುತ್ತಿದ್ದದ್ದೇ ಹಬ್ಬಕ್ಕೆ. ಬಂದವನು ಕಾಲಿಗೆ ಎಣ್ಣೆ ಹಚ್ಚಿಸಿಕೊಂಡು ಮಲಗಿದರೆ ಏಳುತ್ತಿದ್ದದ್ದು ಬುಟ್ಟಿ ಹೊರಲಿಕ್ಕೆ. ಆ ಕಾಸನ್ನು ತೋರಿಸಿರಲಿಲ್ಲ.

ಆ ದಿನ ಯಮನೂರಪ್ಪ ಊಟಕ್ಕೆ ಏಳಲಿಲ್ಲ. ಯಾರೂ ಕರೆಯಲೂ ಇಲ್ಲ.

ಮೂರನೇ ದಿನ ಗಂಟು ಕಟ್ಟಿಕೊಂಡು ಬಂದು ಅಜ್ಜನ ಮುಂದೆ ನಿಂತ.

“ಸುತ್ತೀನ್ರಿ.”

“ಈಗ ಹೋಗು. ಎಷ್ಟು ಕೊಡ್ತೀರಿ ಅಂತ ಕೇಳಬ್ಯಾಡ. ಗಂಟು ಬಿಚ್ಚಿ ಅವರ ಮುಂದ ಇಡು. ಮೊದಲು ಯಾವುದಕ್ಕ ಕೈ ಹಾಕ್ತಾರ ನೋಡಿಕೊಂಡು ಬಾ.”

“ಮಾರದನ?”

“ಮಾರದನ.”

ಸಂಜೆಗೆ ಬಂದ, ಕಾಲೆಲ್ಲ ಧೂಳು.

“ಬೆಳ್ಳಿ ಅಂಗಡಿಯಾಂವ ಮೊದಲು ಕೈ ಹಾಕಿದ್ದು ತಕ್ಕಡಿಗೆ ರಿ. ಎಲ್ಲಾ ಸುರುವು ಅಂದ. ಬರೋದು ಅರ್ಧ ಮಗ್ಗ. ಅಜ್ಜಾರ, ಖರೇ ಹೇಳ್ತೀನಿ, ಸುರುವಿ ಬಿಡಲೇನು ಅನ್ನಿಸಿತ್ತು.”

“ಆಮ್ಯಾಲೆ?”

“ಗಂಟು ಕಟ್ಟಿಕೊಂಡು ಇಳದೆ.”

ಮರುದಿನ ಇನ್ನೊಂದು ಊರಿಗೆ ಹೋದ. ಹಳೇ ಸಾಮಾನಿನ ವ್ಯಾಪಾರಿ ಗಂಟು ಬಿಚ್ಚಿದ ಕೂಡಲೇ ಹುಣಸೆಬೀಜಕ್ಕಿಂತ ಸಣ್ಣದೊಂದು ಬಂಗಾರದ ನಾಣ್ಯಕ್ಕೆ ಕೈ ಹಾಕಿದನಂತೆ. ಥಟ್ಟನೆ ಬಿಟ್ಟು, ಉಳಿದದ್ದರ ಬಗ್ಗೆ ತಾಸುಗಟ್ಟಲೆ ಮಾತಾಡಿದನಂತೆ.

“ಶಾಣ್ಯಾ ಇದ್ದಾನ,” ಅಂದರು ಅಜ್ಜ.

“ಕಡೀಕ ಏನಂದ ಗೊತ್ತೇನ್ರಿ? ಎಲ್ಲಾ ಒಯ್ಯಿ, ಈ ಚೂರೊಂದು ಬಿಟ್ಟು ಹೋಗು, ನಮ್ಮ ಹುಡುಗರು ಆಡತಾವು ಅಂದ.”

“ನೀ ಏನಂದಿ?”

“ನಮ್ಮ ಆಶ್ರಮದಾಗೂ ಒಬ್ಬ ಅಜ್ಜ ಅದಾನ, ಅವನೂ ಆಡ್ತಾನ ಅಂದೆ.”

ಅಜ್ಜ ಕೆಮ್ಮು ಬರುವ ತನಕ ನಕ್ಕರು.

ಮತ್ತೆ ಎರಡು ದಿನ ಅವನು ಬರಲಿಲ್ಲ. ಬಂದಾಗ ಗಂಟು ಹೆಗಲಲ್ಲೇ ಇತ್ತು.

“ರವೂಫ್ ಸಾಬ್ರು ಅಂತ್ರಿ. ರೈಲ್ವೆದಾಗ ಗುಮಾಸ್ತರಿದ್ರಂತ. ನಾಣ್ಯ ಕೂಡಿಸೋದ ಅವರ ಹುಚ್ಚು. ಮೊದಲು ಚೀಟಿಗೆ ಕೈ ಹಾಕಿದ್ರು. ಒಂದು ಓದಿದ್ರು. ಇನ್ನೊಂದು ಓದಿದ್ರು. ಚಾ ಆರಿ ತಣ್ಣಗಾತು, ಓದಕೋತ ಕುಂತ್ರು. ನಾಣ್ಯ ಮುಟ್ಟಲೇ ಇಲ್ಲ.”

“ಬೆಲಿ ಕೇಳಿದೇನು?”

“ನೀವ ಬ್ಯಾಡ ಅಂದಿದ್ರಲ್ರಿ!”

“ಇನ್ನು ಕೇಳು.”

ಅಮಾವಾಸ್ಯೆಯ ದಿನ ಮುಂಜಾನೆ ರವೂಫ್ ಸಾಹೇಬರು ತಾವೇ ಆಶ್ರಮಕ್ಕೆ ಬಂದರು. ಜಗಲಿಯ ಮೇಲೆ ಬಿಳಿ ವಸ್ತ್ರ ಹಾಸಿ, ಭೂತಗನ್ನಡಿ ಹಿಡಿದು, ಒಂದೊಂದೇ ನಾಣ್ಯ ನೋಡಿದರು.

ಯಮನೂರಪ್ಪ ಮೂರು ನಾಣ್ಯಗಳನ್ನು ತಾನಾಗಿ ಮುಂದೆ ಸರಿಸಿದ. “ಇವನ್ನ ನಾ ತಿಕ್ಕೀನ್ರಿ ಸಾಬ್ರ. ಹುಣಸೆಹಣ್ಣು ಹಚ್ಚಿ.”

“ಯಾ ಅಲ್ಲಾ!” ಸಾಹೇಬರು ಹಣೆ ಹಿಡಿದುಕೊಂಡರು. “ನಮ್ಮ ಮನಿಯಾಕೀನೂ ಒಮ್ಮೆ ಹಂಗ ಮಾಡಿದ್ಲು. ಹದಿನೈದು ದಿನ ಮಾತಿದ್ದಿಲ್ಲ. ನಾನು ಬಿಟ್ಟಿದ್ದಲ್ಲ ಮತ್ತ, ಆಕಿನ ಬಿಟ್ಟಿದ್ದು. ಒಂದು ಮಾತು ಅಂದುಬಿಟ್ಟಿದ್ದೆ.” ಮೂರನ್ನೂ ಬೇರೆ ಇಟ್ಟರು. “ಇವಕ್ಕ ಬೆಳ್ಳಿ ಬೆಲಿ ಅಷ್ಟ ತಮ್ಮಾ. ಬ್ಯಾಸರ ಮಾಡ್ಕೋಬ್ಯಾಡ.”

ಉಳಿದದ್ದಕ್ಕೆ ಅವರು ಹೇಳಿದ ಬೆಲೆಗೆ ಮಗ್ಗ ಬರುತ್ತಿತ್ತು. ಮೊದಲ ಸೀರೆಯ ನೂಲೂ ಬರುತ್ತಿತ್ತು.

ಯಮನೂರಪ್ಪ ಹೂಂ ಅಂದ. ಸಾಹೇಬರು ನಾಣ್ಯ ಕಟ್ಟಿದರು. ಆಮೇಲೆ ಚೀಟಿಗಳ ಕಡೆ ಕೈ ಚಾಚಿದರು.

ಯಮನೂರಪ್ಪನ ಕೈ ಚೀಟಿಗಳ ಮೇಲೆ ಬಿತ್ತು. “ಇವು ಇಲ್ಲೇ ಇರಲ್ರಿ.”

“ತಮ್ಮಾ, ಇಂಥಾ ರೂಪಾಯಿ ನನ್ನ ಪೆಟ್ಟಿಗ್ಯಾಗ ನಾಕು ಅದಾವ. ಯಾರ ಕೊರಳಾಗ ಇದ್ದವು, ಯಾಕ ಬಿಟ್ಟು ಕೊಟ್ಟರು, ಒಂದರದ್ದೂ ನನಗ ಗೊತ್ತಿಲ್ಲ. ನಾ ಬೆಲಿ ಹೇಳಿದ್ದು ಎರಡಕ್ಕೂ ಸೇರಿಸಿ. ಚೀಟಿ ಇಟ್ಟುಕೊಂಡ್ರ ಅರ್ಧ.”

“ಅರ್ಧಕ್ಕ ಮಗ್ಗ ಬರಂಗಿಲ್ರಿ.”

“ಬೇಕಾದ್ರ ನಕಲು ಬರಕೋ. ನಾ ಕೂತಿರ್ತೀನಿ.”

“ನಕಲು ನನ್ನ ಅಕ್ಷರದಾಗ ಇರ್ತಾವಲ್ರಿ ಸಾಬ್ರ.”

ಸಾಹೇಬರು ಕನ್ನಡಿ ಕೆಳಗಿಟ್ಟರು. “ನಿಮ್ಮ ಅಜ್ಜಾರನ್ನ ಕೇಳಿ ಬಾ ಹೋಗು,” ಅಂದರು.

ಅಜ್ಜ ಹೊಳೆಯಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಧೋತರ ಹಿಂಡುತ್ತಿದ್ದರು. ಯಮನೂರಪ್ಪ ದಂಡೆಯಿಂದಲೇ ದನಿ ಎತ್ತರಿಸಿದ.

“ಎಲ್ಲಾ ನೀವ ಕೆಡಿಸಿದ್ರಿ! ಆ ದಿನ ತೂಕಕ್ಕ ಹಾಕಿ, ಕೈ ಜಾಡಿಸಿಕೊಂಡು, ಉಳಿದ ರೊಕ್ಕಕ್ಕ ಕೂಲಿ ಮುಂಗಡ ಹಿಡಿಯಾಂವ ಇದ್ದೆ. ನೀವು ಓದು ಅಂದ್ರಿ. ಓದಿದೆ. ಈಗ ಕೈ ಬಿಡವಲ್ದು. ನಾಳೆ ಮುಂಜಾನೆ ಅವರು ಮಗ್ಗ ಬಿಚ್ಚತಾರ.”

“ಮಾರಬ್ಯಾಡ ಹಂಗಾರ.”

“ಅಕ್ಕ?”

“ಮಾರು ಹಂಗಾರ.”

“ಅಪ್ಪ?”

ಅಜ್ಜ ಧೋತರ ಝಾಡಿಸಿದರು. ಹನಿ ಸಿಡಿದು ಅವನ ಮುಖಕ್ಕೆ ಬಿದ್ದವು. ಅವನು ಒರೆಸಿಕೊಳ್ಳಲಿಲ್ಲ.

ನೀರು ನೋಡಿದ. ಜಗಲಿಯ ಕಡೆ ನೋಡಿದ. ಸಾಹೇಬರು ಬೆನ್ನು ತಿರುಗಿಸಿ ಕೂತಿದ್ದರು, ಅವನು ಬರುವುದನ್ನು ನೋಡಬಾರದೆಂದು.

“ಕೊಡ್ತೀನ್ರಿ,” ಅಂದ. “ಚೀಟಿನೂ ಕೊಡ್ತೀನಿ. ಒಂದೂ ಬಿಡದ ಕೊಡ್ತೀನಿ. ಮಧ್ಯಾಹ್ನದ ಬಸ್ಸಿಗೆ ಅಕ್ಕನ ಊರಿಗೆ ಹೋಗ್ತೀನಿ.”

ತಿರುಗಿ ನಡೆದ. ನಾಲ್ಕು ಹೆಜ್ಜೆ ಹಾಕಿ ನಿಂತ.

“ಆದ್ರ ಅಜ್ಜಾರ, ಓದದನ ಮಾರಿದ್ರ ಇಷ್ಟು ತ್ರಾಸ ಆಗತಿರಲಿಲ್ಲ.”

ಅಜ್ಜ ಧೋತರವನ್ನು ಕಲ್ಲಿನ ಮೇಲೆ ಹರವಿದರು.

“ಓದೋಕಿಂತ ಮೊದಲು ಮಾರಾಕ ನಿನ್ನ ಹತ್ರ ಏನಿತ್ತೋ ತಮ್ಮಾ?”