ಗಾಣದ ಮನೆಯಲ್ಲಿ ಅಂಗಡಿ ಎಣ್ಣೆ

"ಗುರುಗಳೇ, ಡಾಕ್ಟರುಗಳು ಹೆಸರಿಟ್ಟು ಹೇಳುವ ಈ ಹೊಸ ಕಾಯಿಲೆಗಳೆಲ್ಲ ನಿಜವೇ, ಇಲ್ಲ ಬರೀ ನೆಪವೇ?" ಎಂದು ಚಂದ್ರಯ್ಯ ಕೇಳಿದ.

ಗುರುಗಳು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. "ಯಾರ ಮನೆಯ ಕಾಯಿಲೆ?" ಎಂದರು.

"ನಮ್ಮದೇ. ನನ್ನ ತಮ್ಮ ಕೆಂಪರಾಜು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಊಟ ಬೇಡ, ಮಾತು ಬೇಡ. ಡಾಕ್ಟರು ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟಿದ್ದಾರೆ. ಮನೆಯವರೆಲ್ಲ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಮೈಗಳ್ಳತನಕ್ಕೊಂದು ದೊಡ್ಡ ಹೆಸರು, ಮಾತ್ರೆ ಬಿಸಾಡಿ ಹೊಲಕ್ಕೆ ಅಟ್ಟು ಎನ್ನುತ್ತಾರೆ. ಅಪ್ಪ ಹೋದ ಮೇಲೆ ಮನೆಯಲ್ಲಿ ನನ್ನ ಮಾತೇ ನಡೆಯುವುದು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸುತ್ತದೆ. ನೀವು ಹೂಂ ಅಂದರೆ ನಾಳೆಯೇ ನಿಲ್ಲಿಸಿಬಿಡುತ್ತೇನೆ."

"ಹೂಂ ಅನ್ನುವುದಕ್ಕೆ ನಾನೇನು ಡಾಕ್ಟರನೇ? ಒಂದು ಕತೆ ಬೇಕಾದರೆ ಹೇಳುತ್ತೇನೆ. ಕೂತುಕೋ. ಕೈ ಖಾಲಿ ಬಿಡಬೇಡ, ಕಾಯಿ ಸುಲಿ," ಎಂದು ಗುರುಗಳು ಬುಟ್ಟಿಯನ್ನು ಅವನ ಕಡೆಗೆ ದೂಡಿದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ತಾತನ ಕಾಲದಿಂದಲೂ ಕಡಲೆಕಾಯಿ ಎಣ್ಣೆ ತೆಗೆಯುವ ಮನೆ. ಸುತ್ತಲ ಹಳ್ಳಿಯವರೆಲ್ಲ ಅವನ ಗಾಣದ ಎಣ್ಣೆಯನ್ನೇ ಒಯ್ಯುತ್ತಿದ್ದರು. ಅವನಿಗೂ ಆ ಹೆಮ್ಮೆ ಸ್ವಲ್ಪ ಹೆಚ್ಚಾಗಿಯೇ ಇತ್ತು ಅನ್ನು.

ಅವನ ಮೊಮ್ಮಗಳು ಇನ್ನೂ ತಪ್ಪುಹೆಜ್ಜೆ ಇಡುವ ಕೂಸು. ಒಂದು ದಿನ ಪಕ್ಕದ ಮನೆಯವರು ಅದರ ಕೈಗೆ ಕಡಲೆಬೀಜದ ಮಿಠಾಯಿಯ ಚೂರು ಕೊಟ್ಟರು. ಚೂರು ಬಾಯಿಗೆ ಹೋಯಿತೋ ಇಲ್ಲವೋ, ಕೂಸಿನ ತುಟಿ ಊದಿತು, ರೆಪ್ಪೆ ಊದಿತು, ಉಸಿರು ಸಿಳ್ಳೆ ಹಾಕತೊಡಗಿತು. ಸೊಸೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಕೂಸು ಉಳಿಯಿತು. ಅಲ್ಲಿಯ ಡಾಕ್ಟರು, "ಈ ಮಗುವಿಗೆ ಕಡಲೆಕಾಯಿ ಅಲರ್ಜಿ. ಬೀಜವೂ ಬೇಡ, ಗಾಣದ ಎಣ್ಣೆಯೂ ಬೇಡ. ಇನ್ನೊಂದು ಸಲ ತಿಂದರೆ ಜೀವಕ್ಕೇ ಕುತ್ತು," ಎಂದರು.

ಗಾಣಿಗನಿಗೆ ನಗು ಬಂತು. "ಮೀನಿನ ಮರಿಗೆ ನೀರು ಆಗುವುದಿಲ್ಲವಂತೆ! ಗಾಣಿಗನ ಮೊಮ್ಮಗಳಿಗೆ ಕಡಲೆಕಾಯಿ ನಂಜಂತೆ! ಮಿಠಾಯಿಯಲ್ಲಿ ಏನು ಹುಳ ಇತ್ತೋ ಏನೋ. ಆ ಡಾಕ್ಟರಿಗೆ ಬಾಯಿಗೆ ಬಂದದ್ದೇ ಕಾಯಿಲೆ," ಎಂದ.

ಸೊಸೆ ಎದುರು ಮಾತಾಡಲಿಲ್ಲ. ಆದರೆ ಮಾರನೆಯ ದಿನವೇ ಪೇಟೆಯಿಂದ ಪ್ಯಾಕೆಟ್ಟಿನ ಸೂರ್ಯಕಾಂತಿ ಎಣ್ಣೆ ತರಿಸಿ, ಕೂಸಿನ ಅಡಿಗೆಗೆ ಬೇರೆ ಪಾತ್ರೆ ಇಟ್ಟಳು. ಅಯ್ಯೋ, ಗಾಣದ ಮನೆಯೊಳಗೆ ಅಂಗಡಿ ಎಣ್ಣೆ! ಗಾಣಿಗನ ಮೈ ಉರಿದುಹೋಯಿತು. ಊರಿನಲ್ಲಿ ಸುದ್ದಿ ಹರಡಿತು. ಎಣ್ಣೆಗೆ ಬಂದವರು, "ಏನಯ್ಯ, ನಿನ್ನ ಎಣ್ಣೆ ನಿನ್ನ ಮನೆಯವರಿಗೇ ಆಗುವುದಿಲ್ಲವಂತೆ, ನಾವು ತಿನ್ನಬಹುದೋ?" ಎಂದು ಕಾಲೆಳೆದರು. ಅವರೆದುರು ನಕ್ಕ. ಒಳಗೆ ಬಂದು ಸೊಸೆಯ ಮೇಲೆ ಮುಖ ಗಂಟು ಹಾಕಿಕೊಂಡ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಕಡಲೆಕಾಯಿಯ ಮೊದಲ ಗಾಣ ಕಟ್ಟಿದ ದಿನ, ಒರಳಿನಿಂದ ಬಿಸಿ ಹಿಂಡಿಯನ್ನು ತೆಗೆದು, ಎಣ್ಣೆ ಒಸರುತ್ತಿರುವಾಗಲೇ ಬೆಲ್ಲ ಕಲಸಿ, ಮನೆಯ ಹಿರಿಯ ತನ್ನ ಬೆರಳಿನಿಂದ ಮನೆಯ ಎಲ್ಲರಿಗಿಂತ ಚಿಕ್ಕ ಕೂಸಿನ ನಾಲಗೆಗೆ ಹಚ್ಚಬೇಕು. ಅದಾದ ಮೇಲೆಯೇ ಊರಿಗೆ ಎಣ್ಣೆ. ನಮ್ಮ ಕೂಸು ತಿಂದದ್ದನ್ನೇ ನಿಮಗೆ ಕೊಡುತ್ತೇವೆ ಎಂದು ಅದರ ಅರ್ಥ.

ಆ ವರ್ಷದ ಗಾಣದ ದಿನ ಬಂತು. ಸೊಸೆ ಬೆಳಗ್ಗೆಯೇ ಕೈಮುಗಿದು, "ಮಾವ, ಈ ಸಲ ಬೇಡ. ನಿಮ್ಮ ಕಾಲಿಗೆ ಬೀಳುತ್ತೇನೆ," ಎಂದಳು. "ಆಯಿತು ಹೋಗು," ಎಂದು ಗಾಣಿಗ ಅಂದ. ಅವಳು ನಂಬಿ, ಕೂಸನ್ನು ಒಳಮನೆಯಲ್ಲಿ ಮಲಗಿಸಿ ನೀರಿಗೆ ಹೋದಳು.

ಎಣ್ಣೆಯ ತಪ್ಪಲೆ ಹಿಡಿದ ಜನ ಅಂಗಳದಲ್ಲಿ ಕಾಯುತ್ತಿದ್ದರು. ಎತ್ತು ಸುತ್ತುತ್ತಿತ್ತು. ಯಾರೋ ಒಬ್ಬ, "ಕೂಸೆಲ್ಲಿ? ಈ ಸಲ ನಾಲಗೆಗೆ ಹಚ್ಚುವುದು ಅಂಗಡಿ ಎಣ್ಣೆಯೋ?" ಎಂದ. ಎಲ್ಲರೂ ಗೊಳ್ಳೆಂದರು.

ಗಾಣಿಗನಿಗೆ ಅವಮಾನದಿಂದ ಕಿವಿ ಬಿಸಿಯಾಯಿತು. ತಾನು ಹಚ್ಚಿಸಿಕೊಂಡಿದ್ದೇನೆ, ತನ್ನ ಮಗ ಹಚ್ಚಿಸಿಕೊಂಡಿದ್ದಾನೆ. ಒಂದು ಬೆರಳಿಗೆ ಏನಾದೀತು? ಏನೂ ಆಗದಿದ್ದರೆ ಸೊಸೆಗೂ ಬುದ್ಧಿ ಬರುತ್ತದೆ, ಊರಿನ ಬಾಯಿಯೂ ಮುಚ್ಚುತ್ತದೆ. ಹೀಗೆಂದುಕೊಂಡು ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದ. ಹಿಂಡಿಗೆ ಬೆಲ್ಲ ಕಲಸಿದ. ಕೂಸು ತಾತನ ಮುಖ ನೋಡಿ ನಕ್ಕು, ತಾನಾಗಿಯೇ ಬಾಯಿ ತೆರೆಯಿತು.

"ತೆಗೀ ಕೈ!"

ಬಾಗಿಲಲ್ಲಿ ಅವನ ತಾಯಿ. ಗೋಡೆ ಹಿಡಿಯದೆ ಹೆಜ್ಜೆ ಎತ್ತಿಡಲಾರದ ಮುದುಕಿ. ಅದು ಹೇಗೆ ಬಂದಳೋ, ಬಂದವಳೇ ಅಷ್ಟೂ ಜನರ ಮುಂದೆ ಮಗನ ಕೈಮೇಲೆ ಪಟ್ಟನೆ ಹೊಡೆದಳು. ಹಿಂಡಿ ನೆಲಕ್ಕೆ ಬಿತ್ತು.

"ಅವ್ವ, ನಿನಗೂ ಆ ಡಾಕ್ಟರನ ಹುಚ್ಚು ಹಿಡಿಯಿತೇ? ನಿನ್ನ ಕಾಲದಲ್ಲಿ ಈ ಕಾಯಿಲೆ ಇತ್ತೇ?" ಎಂದು ಗಾಣಿಗ ರೇಗಿದ.

"ಇತ್ತು ಕಣೋ," ಎಂದಳು ಮುದುಕಿ. "ನಿನಗಿಂತ ಮೊದಲು ನನಗೊಂದು ಹೆಣ್ಣು ಕೂಸು ಇತ್ತಲ್ಲ, ದೃಷ್ಟಿ ತಾಗಿ ಹೋಯಿತು ಅನ್ನುತ್ತಾರಲ್ಲ, ಅದು ಹೋದದ್ದು ಹೊಸ ಗಾಣದ ದಿನ. ನಿನ್ನ ತಾತ ಇದೇ ಒರಳಿನ ಹಿಂಡಿಯನ್ನು ನಾಲಗೆಗೆ ಹಚ್ಚಿದರು. ತುಟಿ ಊದಿತು, ರೆಪ್ಪೆ ಊದಿತು, ಉಸಿರು ಸಿಳ್ಳೆ ಹಾಕಿತು. ನನ್ನ ತೊಡೆಯ ಮೇಲೆಯೇ ಕಣ್ಣು ಮುಚ್ಚಿತು. ಅತ್ತೆ ನನಗೇ, ಇಷ್ಟು ಜನರ ಮುಂದೆ ಕೂಸನ್ನು ತಂದಿದ್ದೀಯ, ಕೆನ್ನೆಗೆ ಒಂದು ಕಪ್ಪು ಬೊಟ್ಟು ಇಡಲಿಲ್ಲ, ನೀನೇ ಕೊಂದೆ ಎಂದು ಹೇಳಿದರು. ಊರೂ ಹೇಳಿತು. ನಾನೂ ನಂಬಿದೆ. ಆಮೇಲೆ ನಿಮ್ಮನ್ನೆಲ್ಲ ಹಾಲು ಕುಡಿಸುವಾಗ ಬಿಟ್ಟರೆ ಎತ್ತಿಕೊಳ್ಳಲೂ ಹೆದರಿದೆ. ಸೊಸೆ ಆಸ್ಪತ್ರೆಯಿಂದ ಬಂದು ಹೇಳಿದಳಲ್ಲ, ಆಗ ಗೊತ್ತಾಯಿತು. ಹೇಳೋಣವೆಂದರೆ, ಸತ್ತ ಮಾವನವರ ಬೆರಳಿಗೆ ಪಾಪ ಹೊರಿಸಿದ ಹಾಗಾದೀತೆಂದು ನಾಲಗೆ ಏಳಲಿಲ್ಲ."

ಕೂಸು ಇನ್ನೂ ಬಾಯಿ ತೆರೆದುಕೊಂಡು ನೆಲದ ಹಿಂಡಿಯನ್ನು ನೋಡುತ್ತಿತ್ತು. ಅಷ್ಟರಲ್ಲಿ ಸೊಸೆ ಕೊಡ ಹೊತ್ತು ಬಂದಳು, ಕಂಡಳು, ಕೊಡವನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಕೂಸಿನ ತುಟಿ ನೋಡಿದಳು, ರೆಪ್ಪೆ ನೋಡಿದಳು, ಎದೆಗೆ ಕಿವಿಯಿಟ್ಟಳು.

"ತಾಗಿಲ್ಲಮ್ಮ, ತಾಗಿಲ್ಲ. ದೇವರು ದೊಡ್ಡವನು. ನಾನು ಎಂಥ ಪಾಪಿಯಾಗುತ್ತಿದ್ದೆ!" ಎಂದು ಗಾಣಿಗ ಅಲ್ಲೇ ಕುಸಿದು ಕುಳಿತು ಅತ್ತುಬಿಟ್ಟ.

ಮುದುಕಿ ಮಗನ ಪಕ್ಕದಲ್ಲಿ ಮೆಲ್ಲಗೆ ಕುಳಿತಳು. "ಲೋ, ಆ ಡಾಕ್ಟರು ಅದಕ್ಕೇನೋ ಹೆಸರು ಹೇಳಿದ್ದರಲ್ಲ, ಇನ್ನೊಂದು ಸಲ ಹೇಳು," ಎಂದಳು.

ಅಲ್ಲಿಯತನಕ ಆ ಮಾತನ್ನು ಅಣಕಿಸಲಿಕ್ಕಷ್ಟೇ ಆಡಿದ್ದವನು ಈಗ ಬಿಡಿಸಿ ಹೇಳಿದ. "ಅಲರ್ಜಿ, ಅವ್ವ."

"ಅಲರ್ಜಿ," ಎಂದಳು ಮುದುಕಿ. ನಾಲಗೆ ಸರಿಯಾಗಿ ತಿರುಗಲಿಲ್ಲ. ಮತ್ತೆ ಹೇಳಿದಳು. "ಹಾಗಾದರೆ ಅದು ಬೊಟ್ಟು ಇಡದಿದ್ದಕ್ಕೆ ಹೋದದ್ದಲ್ಲ. ನನ್ನಿಂದ ಹೋದದ್ದಲ್ಲ." ಹಾಗೆಂದು, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಎದೆಯ ಮೇಲಿನ ಕಲ್ಲು ಇಳಿದವಳ ಹಾಗೆ ಉದ್ದಕ್ಕೆ ಉಸಿರು ಬಿಟ್ಟಳು.

ಗಾಣಿಗ ಕಣ್ಣೊರೆಸಿಕೊಂಡು ಎದ್ದ. ಹೊಸ ಹಿಂಡಿಗೆ ಬೆಲ್ಲ ಕಲಸಿ ತಾಯಿಯ ನಾಲಗೆಗೆ ಹಚ್ಚಿದ. "ಈ ವರ್ಷದಿಂದ ನಮ್ಮ ಮನೆಯ ಪದ್ಧತಿ ಇದು. ಎಲ್ಲರಿಗಿಂತ ಹಿರಿಯರಿಗೆ ಮೊದಲು. ಎಣ್ಣೆ ಬೇಕಾದವರು ತಪ್ಪಲೆ ತನ್ನಿ," ಎಂದು ಜನಕ್ಕೆ ಹೇಳಿದ. ಜನ ತಪ್ಪಲೆ ತಂದರು.

ಮುದುಕಿ ಬೆಲ್ಲ ಚಪ್ಪರಿಸಿ, ಎರಡೂ ಕೈ ಚಾಚಿ, "ಕೊಡಿಲ್ಲಿ ನನ್ನ ಕೂಸನ್ನು," ಎಂದಳು.

"ತಾಳು ಅವ್ವ! ಹಿಂಡಿ ತಿಂದ ಬಾಯಿ, ಮೊದಲು ಸೋಪು ಹಾಕಿ ತೊಳೆದುಕೋ," ಎಂದು ಗಾಣಿಗನೇ ಚೆಂಬು ಹಿಡಿದು ಓಡಿದ. ಸೊಸೆಗೆ ನಗು ತಡೆಯಲಾಗಲಿಲ್ಲ. ಮುದುಕಿ ಕೈ ತೊಳೆದಳು, ಬಾಯಿ ಮುಕ್ಕಳಿಸಿದಳು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಸಂಜೆಯವರೆಗೂ ಯಾರು ಕೇಳಿದರೂ ಕೊಡಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಚಂದ್ರಯ್ಯನ ಮುಖ ಅರಳಿತ್ತು. ಆದರೂ ಅವನ ಅನುಮಾನ ಪೂರ್ತಿ ಹೋಗಿರಲಿಲ್ಲ.

"ಕೂಸು ಉಳಿಯಿತಲ್ಲ, ಸದ್ಯ!" ಎಂದ. "ಆದರೆ ಗುರುಗಳೇ, ಆ ಕೂಸಿನ ಕಾಯಿಲೆ ಮುಖದ ಮೇಲೆ ಊದಿ ಕಂಡಿತು. ನನ್ನ ತಮ್ಮನ ಮೈಮೇಲೆ ಏನೂ ಕಾಣುವುದಿಲ್ಲ. ಡಾಕ್ಟರು ಹೇಳಿದ್ದೆಲ್ಲ ನಿಜವೆಂದು ನಂಬುವುದು ಹೇಗೆ?"

"ಅವರು ತಪ್ಪುವುದೇ ಇಲ್ಲ ಎಂದು ನಾನು ಹೇಳಲಿಲ್ಲ. ಅನುಮಾನವಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸು. ಮಾತ್ರೆ ನಿಲ್ಲಿಸುವುದನ್ನು ಅವರು ಹೇಳಲಿ, ನೀನು ಹೇಳಬೇಡ," ಎಂದರು ಗುರುಗಳು. ಆಮೇಲೆ ತಲೆಯೆತ್ತಿ ಅವನನ್ನೇ ನೋಡಿದರು.

"ಮೈಮೇಲೆ ಕಾಣುವುದಿಲ್ಲ ಎಂದೆಯಲ್ಲ ಚಂದ್ರಯ್ಯ, ಜೀವಮಾನವೆಲ್ಲ ಆ ಮುದುಕಿಯ ಮೈಮೇಲೆ ಯಾರಿಗೆ ಏನು ಕಂಡಿತ್ತು?"

ಚಂದ್ರಯ್ಯ ಕೈಯಲ್ಲಿದ್ದ ಕಾಳನ್ನು ಕೆಳಗಿಟ್ಟು, ತಮ್ಮನಿಗೆ ಮಾತ್ರೆ ಕೊಡುವ ಹೊತ್ತಾಯಿತೆಂದು ಎದ್ದ.